ಏಳನೆಯ ಹಿಡಿ

ನಮ್ಮ ಮನೆಯಲ್ಲಿ ಮದುವೆಯ ಚಪ್ಪರ ಹಾಕಿದ ಬೆಳಿಗ್ಗೆ ಹಿರಿ ಹೆಂಗಸು ಮೊರದಲ್ಲಿ ಏಳು ಹಿಡಿ ರಾಗಿ ಇಡಬೇಕು. ಹಿಂದೆ ಪಾಲಾರ್ ಹೊಳೆಯ ಆಚೆ ಯಾವನೋ ಪಾಳೇಗಾರ ನಮ್ಮ ಮನೆಯ ಹೆಣ್ಣು ಕೇಳಿದನಂತೆ. ಕೊಡಲು ಮನಸ್ಸಿಲ್ಲದೆ ಹಿರೀಕರು ಒಂದು ಎತ್ತು ಹೊಡೆದುಕೊಂಡು, ಒಂದು ಬುಟ್ಟಿ ರಾಗಿ ಹೊತ್ತು ಊರು ಬಿಟ್ಟರಂತೆ. ದಾರಿಯಲ್ಲಿ ತಂಗಿದ ಏಳು ಜಾಗಕ್ಕೆ ಏಳು ಹಿಡಿ. ಒಂದನ್ನು ಮರೆತರೂ ಅಲ್ಲಿ ನಮ್ಮವರು ಯಾರೋ ಹಸಿದು ಕೂತೇ ಇರುತ್ತಾರೆ ಎಂದು ನಂಬಿಕೆ. ಕಡೆಗೆ ಎತ್ತು ಚಂದಾಪುರದ ಹತ್ತಿರ ಮಲಗಿದ್ದು ಮೇಲೇಳಲಿಲ್ಲ, ಅಲ್ಲೇ ಮನೆ ಕಟ್ಟಿದರು. ಆ ಸೋಮಾರಿ ಎತ್ತು ಇನ್ನೆರಡು ಹರದಾರಿ ನಡೆದಿದ್ದರೆ ನಮ್ಮ ಹೊಲ ಎಲೆಕ್ಟ್ರಾನಿಕ್ ಸಿಟಿಯ ನಡುವೆ ಇರುತ್ತಿತ್ತು ಎಂದು ನನ್ನ ಗಂಡ ಇವತ್ತಿಗೂ ಗೊಣಗುತ್ತಾರೆ.

ಈ ಕಥೆ ನನ್ನ ಅತ್ತೆಯ ಸ್ವತ್ತು. ಆರು ಜಾಗದ ಹೆಸರು ಗಟ್ಟಿಯಾಗಿ ಹೇಳಿ ಆರು ಹಿಡಿ ಇಡುತ್ತಿದ್ದರು. ಏಳನೆಯದನ್ನು ಮಾತ್ರ ಬಾಯಿ ಬಿಡದೆ ಇಡುತ್ತಿದ್ದರು. ಅದು ಯಾರ ಹಿಡಿ ಎಂದು ಮನೆಯ ಹಿರಿ ಹೆಂಗಸಿಗೆ ಗೊತ್ತಿರಬೇಕು, ಗೊತ್ತಿಲ್ಲದೆ ಇಡುವ ಹಾಗಿಲ್ಲ. ನನ್ನ ಮಗಳು ಒಮ್ಮೆ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅತ್ತೆ ಆರಕ್ಕೇ ನಿಲ್ಲಿಸಿಬಿಟ್ಟರು.

"ಏಳ್ನೇದು ಪೋನ್ಗೆಲ್ಲ ಯೋಳೋ ಮಾತಲ್ಲ ಕಣೆ. ನಿಮ್ಮಮ್ಮಂಗೆ ಯೋಳ್ತೀನಿ, ಒತ್ತು ಬರ್ಲಿ."

ಹೊತ್ತು ಬರಲಿಲ್ಲ. ಲಕ್ವ ಹೊಡೆದು ಅವರ ಮಾತು ನಿಂತಿತು. ಮೂರು ತಿಂಗಳಿಗೆ ಅವರೂ ಹೋದರು.

ಎರಡು ವರ್ಷದ ಮೇಲೆ ಮಗಳ ಮದುವೆ ಗೊತ್ತಾಯಿತು. ಈಗ ಹಿರಿ ಹೆಂಗಸು ನಾನು. ಚಪ್ಪರಕ್ಕೆ ಮೂರು ದಿನ ಉಳಿದಿತ್ತು. ನೆಂಟರಿಗೆಲ್ಲ ಫೋನ್ ಮಾಡಿದೆ, ಯಾರಿಗೂ ಏಳನೆಯದು ಗೊತ್ತಿಲ್ಲ. "ಆರೇ ಇಟ್ಬಿಡು, ಯಾರು ಎಣಿಸ್ತಾರೆ?" ಎಂದರು ಗಂಡ. ಎಣಿಸುವವಳು ನಾನೇ ಅಲ್ಲವೆ? ಯಾರೋ ಹಸಿದು ಕೂತಿದ್ದಾರೆ ಎಂದುಕೊಂಡು ಮಗಳ ಮದುವೆಯ ಊಟಕ್ಕೆ ನಾನು ಹೇಗೆ ಕೂರಲಿ?

"ಮೇಲಿನ ಆಂಟೀನ ಕೇಳಮ್ಮ," ಎಂದಳು ಮಗಳು. "ಅಜ್ಜಿ ಭಾನುವಾರ ಪೂರ್ತಿ ಅವ್ರ ಜೊತೇನೇ ರಾಗಿ ಕೇರ್ತಾ ಕೂತಿರ್ತಿದ್ರು."

ಮೇಲಿನ ಆಂಟಿ ಎಂದರೆ ನಮ್ಮ ಬಾಡಿಗೆಯವಳು. ರಾಯಚೂರು ಕಡೆಯಿಂದ ಬಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಅವಳನ್ನು ಕೇಳಲು ನನಗೆ ಮುಖವಿರಲಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಅವಳು ನಲ್ಲಿ ತೆರೆದಿಟ್ಟು ಕೆಲಸಕ್ಕೆ ಹೋಗಿ ಟ್ಯಾಂಕೆಲ್ಲ ಖಾಲಿಯಾಗಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. "ಎಲ್ಲೆಲ್ಲಿಂದಲೋ ಬಂದೋರಿಗೆ ನಮ್ಮೂರ ನೀರಿನ ಬೆಲೆ ಏನ್ ಗೊತ್ತು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ. ಅವಳು ಮೆಟ್ಟಿಲು ಹತ್ತಿ ಹೋದಳು. ಇಷ್ಟಕ್ಕೂ ನಾನೇ ವರ್ತೂರಿನಿಂದ ಸೊಸೆಯಾಗಿ ಬಂದವಳು. ಆ 'ನಮ್ಮೂರು' ಎಂಬ ಮಾತು ನನ್ನ ಬಾಯಿಗೆ ಯಾವಾಗ ಬಂತೋ ದೇವರಿಗೇ ಗೊತ್ತು.

ಅದೇ ಮೆಟ್ಟಿಲನ್ನು ನಾನು ಹತ್ತಿದೆ. ಅವಳು ಚಾಪೆ ಹಾಸಿ, ಮೊದಲು ಒಂದು ಚೊಂಬು ನೀರು ತಂದು ಮುಂದಿಟ್ಟಳು. ಕುಡಿದು, ಬಂದ ಕೆಲಸ ಹೇಳಿದೆ.

"ಅಜ್ಜಿ ಹೇಳ್ಯಾರ್ರಿ ಅಕ್ಕಾರ," ಎಂದಳು. "ನೀವು ನನಗ ಬೈದ್ರಲ್ಲ, ಅದರ ಮರುದಿನಾನ ಕೂಡಿಸ್ಕೊಂಡು ಹೇಳಿದ್ರು. ನನಗೇನರ ಆದ್ರ, ನನ್ನ ಸೊಸಿ ತಾನಾಗೇ ಬಂದು ಕೇಳಿದ್ರ ಮಾತ್ರ ಹೇಳು ಅಂದಿದ್ರು."

ಹಿರಿ ಹೆಂಗಸಿನ ಗುಟ್ಟನ್ನು ಬರೆಯಬಾರದು. ಆದರೆ ಇದನ್ನು ಇನ್ನೊಂದು ಲಕ್ವಕ್ಕೆ ಬಿಟ್ಟುಕೊಡಲು ನನಗೆ ಧೈರ್ಯವಿಲ್ಲ. ಅವಳು ಹೇಳಿದ್ದು ಇಷ್ಟು: ಏಳನೆಯ ಜಾಗದಲ್ಲಿ, ಯಾವುದೋ ಊರಿನ ಬಾವಿಯ ಹತ್ತಿರ ನಮ್ಮವರು ನೀರು ಕೇಳಿದರಂತೆ. ಎಲ್ಲೆಲ್ಲಿಂದಲೋ ಬಂದವರಿಗೆ ನೀರಿಲ್ಲ ಎಂದು ಊರವರು ಓಡಿಸಿದರಂತೆ. ಊರಾಚೆ ಕೂಲಿಗೆಂದು ಬಂದಿದ್ದ ಒಬ್ಬ ಹೆಂಗಸು, ಅವಳೂ ಬೇರೆ ಸೀಮೆಯವಳೇ, ಕರೆದು ತನ್ನ ಗಡಿಗೆಯ ಅಂಬಲಿ ಕೊಟ್ಟಳು. ಎಲ್ಲರೂ ಹೊಟ್ಟೆ ತುಂಬ ಕುಡಿದರು. ಒಂದು ಹರದಾರಿ ನಡೆದ ಮೇಲೆ ನೆನಪಾಯಿತು, ಅವಳ ಹೆಸರು ಕೇಳಲಿಲ್ಲ. ನೀನು ಕುಡಿದೆಯಾ ತಾಯಿ ಎಂದೂ ಯಾರೂ ಕೇಳಲಿಲ್ಲ. ಗಡಿಗೆಯಂತೂ ಖಾಲಿಯಾಗಿತ್ತು.

"ಹೆಸರು ಗೊತ್ತಿಲ್ಲಲ್ರಿ, ಅದಕ್ಕ ಸುಮ್ಮನ ಇಡೋದು," ಎಂದಳು ಬಾಡಿಗೆಯವಳು. "ಅಜ್ಜಿ ನನ್ನ ಕೈ ಹಿಡ್ಕೊಂಡು, ನಾವೂ ಬಂದೋರೇ ಕಣವ್ವ ಅಂದ್ರು."

ನನಗೆ ಅಲ್ಲೇ ಅಳು ಬಂತು. ಆ ಜಗಳಕ್ಕೆ ಅತ್ತೆ ನನ್ನನ್ನು ಒಂದು ಮಾತೂ ಬೈದಿರಲಿಲ್ಲ. ನಾನು ನೋಯಿಸಿದವಳನ್ನು ಸಮಾಧಾನ ಮಾಡಿ, ಮನೆಯ ಕಥೆಯನ್ನು ಅವಳ ಹತ್ತಿರವೇ ನನಗಾಗಿ ಇಟ್ಟು ಹೋಗಿದ್ದರು. ಇವಳಾದರೂ ಅದನ್ನು ಎಂದೋ ನನ್ನ ಮುಖಕ್ಕೆ ಎಸೆಯಬಹುದಿತ್ತು. ಎಸೆಯಲಿಲ್ಲ. ಇಬ್ಬರ ಋಣವನ್ನೂ ನಾನು ಈ ಜನ್ಮದಲ್ಲಿ ತೀರಿಸಲಾರೆ.

"ಅವತ್ತು ಅಂದಿದ್ದು ತಪ್ಪಾಯ್ತಮ್ಮ," ಎಂದೆ.

"ಬಿಡ್ರಿ ಅಕ್ಕಾರ. ನಲ್ಲಿ ತೆರೆದಿಟ್ಟು ಹೋದಾಕಿ ನಾನ ಹೌದ್ರಿ," ಎಂದು ನಕ್ಕಳು.

ಚಪ್ಪರದ ದಿನ ಅವಳು ಕೆಲಸಕ್ಕೆ ರಜೆ ಹಾಕಿ ಬೆಳಗಿನಿಂದ ಹೂ ಕಟ್ಟುತ್ತ ಕೂತಿದ್ದಳು. ನಾನು ಆರು ಹೆಸರು ಹೇಳಿ ಆರು ಹಿಡಿ ಇಟ್ಟೆ, ಏಳನೆಯದನ್ನು ಸುಮ್ಮನೆ ಇಟ್ಟೆ. ಆ ರಾಗಿಯನ್ನು ಬೀಸಿ, ಅಂಬಲಿ ಕಾಸಿ, ಹಿರಿ ಹೆಂಗಸು ಮದುಮಗಳಿಗೆ ಕುಡಿಸುವುದು ಪದ್ಧತಿ. ನಾನು ಲೋಟವನ್ನು ಬಾಡಿಗೆಯವಳ ಕೈಗೆ ಕೊಟ್ಟೆ.

"ಇದೇನಮ್ಮ, ಒರ್ಗಿನೋರ ಕೈಲಾ?" ಎಂದರು ನನ್ನ ಚಿಕ್ಕಮಾವ.

"ಮೊದಲು ಕುಡಿಸಿದ್ದೂ ಹೊರಗಿನೋರೇ ಮಾವ," ಎಂದೆ. ಅಷ್ಟಕ್ಕೇ ಬಿಟ್ಟೆ.

ಮಗಳಿಗೆ ಆ ಕಥೆ ಗೊತ್ತಿರಲಿಲ್ಲ, ನಾನು ಇನ್ನೂ ಹೇಳಿರಲಿಲ್ಲ. ಎರಡು ಗುಟುಕು ಕುಡಿದವಳು ಲೋಟವನ್ನು ಕೈಯಿಂದ ತಡೆದು, ಕುಡಿಸುತ್ತಿದ್ದವಳ ಮುಖ ನೋಡಿದಳು.

"ನೀವು ಕುಡಿದ್ರಾ ಆಂಟಿ?"