ಅಕ್ಕನನ್ನು ಮುಟ್ಟದ ಸಂತೋಷ

ನಂಜನಗೂಡಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನಗೊಂದು ಕೆಟ್ಟ ಚಾಳಿ: ಬೋರ್ಡಿನ ಮೇಲೆ ಬರೆದದ್ದೆಲ್ಲ ನನಗೆ ಗೊತ್ತಿದೆ ಎಂದುಕೊಂಡುಬಿಡುತ್ತೇನೆ. ಒತ್ತಡ ಹೆಚ್ಚಾದರೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ತಿಂಗಳುಗಟ್ಟಲೆ ಇಳಿಯದಿದ್ದರೆ, ಮನಸ್ಸಿನ ಗೆಲುವಿಗೆ ಬೇಕಾದ ಸೆರೊಟೋನಿನ್ ಎಂಬ ರಾಸಾಯನಿಕ ತರುವ ಸಂದೇಶಕ್ಕೆ ಮೆದುಳಿನ ಕೆಲವು ಜೀವಕೋಶಗಳು ಮೊದಲಿನಂತೆ ಓಗೊಡುವುದಿಲ್ಲ. ಹೀಗೆಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಕವಲಂದೆಯಲ್ಲಿರುವ ನನ್ನ ಅಕ್ಕ ಸುಮಿತ್ರ, ಪಾರ್ಶ್ವವಾಯು ಹೊಡೆದು ಮಲಗಿದ ಭಾವನನ್ನು ಎರಡು ವರ್ಷ ಒಬ್ಬಳೇ ನೋಡಿಕೊಂಡಳು. ಭಾವ ಎದ್ದು ಕೋಲು ಹಿಡಿದು ನಡೆಯತೊಡಗಿದರು. ಆಗ ಮಲಗಿದವಳು ಅಕ್ಕ. ಫೋನು ಎತ್ತುತ್ತಿರಲಿಲ್ಲ. ನನ್ನ ಮಗಳ ನಿಶ್ಚಿತಾರ್ಥಕ್ಕೂ ಬರಲಿಲ್ಲ. ನಾನದನ್ನು ಜಂಬವೆಂದು ತಿಳಿದು, ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಭಾವನೇ ಫೋನು ಮಾಡಿ ತೊದಲುತ್ತ ಹೇಳಿದರು: "ನಿಮ್ಮಕ್ಕ ಊಟ ಬುಟ್ಟವ್ಳೆ ಕಣಮ್ಮ. ಬಾಯ್ಬುಟ್ಟು ಏನೂ ಅನ್ನಾಕಿಲ್ಲ. ನೀನೇ ಬಾ."

ಹೋದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನನ್ಮೇಲೆ ಕೋಪಾನೇನಕ್ಕ?" ಎಂದೆ.

"ಕೋಪ ಬಂದಿದ್ರೆ ಎಷ್ಟೋ ವಾಸಿ ಕಣೇ," ಎಂದಳು. "ನಿನ್ ಮಗಳ ಫೋಟೊ ನೋಡ್ದೆ. ಸಂತೋಷ ಆಗ್ಬೇಕು ಅಂತ ಗೊತ್ತಾಯ್ತು. ಆಗ್ಲಿಲ್ಲ."

ನಾನು ಇಷ್ಟು ವರ್ಷ ಚಿತ್ರ ಬರೆದು ವಿವರಿಸಿದ್ದು ಇದನ್ನೇ. ಎದುರಿಗೆ ಬಂದಾಗ ಗುರುತೇ ಹಿಡಿಯಲಿಲ್ಲ.

ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಮನೋವೈದ್ಯೆಯ ಮುಂದೆಯೂ ನನ್ನ ವಿದ್ಯೆ ಸುಮ್ಮನಿರಲಿಲ್ಲ, ಸೆರೊಟೋನಿನ್ ಮಾತೆತ್ತಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, "ಅಷ್ಟೇ ಆಗಿದ್ರೆ ನಮ್ಮ ಕೆಲಸ ಸುಲಭ ಇರ್ತಿತ್ತು ಮೇಡಂ. ಇವರು ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಯ್ತು?" ಎಂದರು. ನನಗೆ ಗೊತ್ತಿರಲಿಲ್ಲ. ಮಾತ್ರೆ ಬರೆದುಕೊಟ್ಟು, ಗುಣ ಕಾಣಲು ವಾರಗಳೇ ಬೇಕು, ಜೊತೆಗೆ ಯಾರಾದರೂ ಇರಬೇಕು ಎಂದರು.

ಅಂದಿನಿಂದ ಭಾನುವಾರಗಳನ್ನು ಕವಲಂದೆಗೆ ಕೊಟ್ಟೆ. ಅಕ್ಕ ಎರಡು ತುತ್ತು ತಿನ್ನುವಳು, ಮತ್ತೆ ಮಲಗುವಳು. ನಾನು ಪಕ್ಕದಲ್ಲಿ ಕೂತಿರುವೆ. ಏಳನೆಯ ವಾರ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಸೀರೆ ನಿಂಗೆ ಒಪ್ಪಲ್ಲ ಕಣೇ, ಮುಖ ಕಪ್ಪಿಟ್ಟಂಗೆ ಕಾಣ್ತದೆ," ಎಂದಳು. ಬೇರೆ ಕಾಲವಾಗಿದ್ದರೆ ಎರಡು ದಿನ ಮುನಿಸಿಕೊಳ್ಳುತ್ತಿದ್ದೆ. ಅಂದು ಹಿತ್ತಿಲಿಗೆ ಹೋಗಿ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮುಂದಿನ ವಾರ ಮತ್ತೆ ಮಾತಿಲ್ಲ. ಅದರ ಮುಂದಿನ ವಾರವೂ ಅಷ್ಟೇ. ಆದರೂ ಪ್ರತಿ ಭಾನುವಾರ ಬೇರೆ ಬೇರೆ ಸೀರೆ ಉಟ್ಟು ಹೋಗುತ್ತಿದ್ದೇನೆ. ಯಾವುದಾದರೊಂದು ಅವಳಿಗೆ ಹಿಡಿಸದೆ ಇರಲಿ ಎಂಬ ಆಸೆ.