ಅಳದ ಕೂಸು

ಹುಬ್ಬಳ್ಳಿಯ ಧರ್ಮಾರ್ಥ ದವಾಖಾನೆಯ ಡಾಕ್ಟರು ಯಾವ ತಾಯಿ ಬಂದರೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: “ಕೂಸು ಅಳತೈತೇನವ್ವಾ?” ಅಳುತ್ತದೆಂದರೆ ಅವರ ಬಿಗಿದ ಹೆಗಲು ತುಸು ಸಡಿಲಾಗುತ್ತಿತ್ತು.

ಅಲ್ಲಿ ಸರದಿ ನೋಡಿಕೊಳ್ಳುವ ಸೇವೆ ನನ್ನದು. ಸಂಕಟ ಹೆಚ್ಚಿದ್ದವರು ಮೊದಲು ಎಂಬ ನಿಯಮವನ್ನು ನಾನೇ ವಾದಿಸಿ ತಂದಿದ್ದೆ. ಒಂದು ಬೆಳಿಗ್ಗೆ ಕೈಗಾಯ ಕೀವಾಗಿ, ಚಳಿಜ್ವರದಿಂದ ನಡುಗುತ್ತ ಒಬ್ಬ ಕಮ್ಮಾರ ಬಂದ. ಆತನನ್ನು ಮುಂದೆ ಕೂಡಿಸಿದೆ. ಅವನಿಗಿಂತ ಎರಡು ತಾಸು ಮೊದಲೇ ಬಂದಿದ್ದ ಬಾಣಂತಿ, “ಅಣ್ಣಾರ, ಕೂಸು ಮೊಲಿ ಒಲ್ಲೆನ್ನಾಕತ್ತೈತ್ರಿ” ಎಂದಳು. ಮುಟ್ಟಿ ನೋಡಿದೆ, ಮೈ ತಣ್ಣಗಿತ್ತು.

“ಜ್ವರ ಇಲ್ಲವ್ವಾ. ಶಾಣ್ಯಾ ಕೂಸು, ಮಲಗೈತಿ” ಎಂದೆ.

ಹೊರಗೆ ಬಂದ ಡಾಕ್ಟರು ಕಮ್ಮಾರನನ್ನು ದಾಟಿ ಕೂಸಿನತ್ತ ನಡೆದರು.

“ಸಾಹೇಬ್ರ, ನಾ ಸಾಯಾಕತ್ತೇನ್ರಿ!” ಎಂದು ಆತ ಕೂಗಿದ.

“ಒದರಾಕ ಬಲ ಐತಲ್ಲೋ, ತಡಿ” ಎಂದವರು, ಕೂಸನ್ನು ಪರೀಕ್ಷಿಸಿ, ದಣಿದ ದನಿಯಲ್ಲಿ ನನಗೆ ಹೇಳಿದರು: “ಇಬ್ಬರ ರಕ್ತಕ್ಕೂ ನಂಜು ಏರೈತಿ. ದೊಡ್ಡವರದಾದರ ಗಾಯ ಕಾಣತೈತಿ, ಜ್ವರ ಸುಡತೈತಿ. ಎಳೇ ಕೂಸು ಬರೇ ತಣ್ಣಗಾಗಿ ಸುಮ್ಮನಾಗತೈತಿ.”

ಕೂಸು ಮಧ್ಯಾಹ್ನಕ್ಕೆ ತೀರಿಕೊಂಡಿತು. ಕಮ್ಮಾರ ಬದುಕಿದ. ಮರುದಿನ ನಾನು ಹೋಗುವಷ್ಟರಲ್ಲಿ ಡಾಕ್ಟರು ತಮ್ಮ ಕುರ್ಚಿಯನ್ನು ಹೊರಗಿನ ಕಟ್ಟೆಗೆ ತಂದು, ಕಾಯುವವರ ನಡುವೆಯೇ ಕೂತು, ಒಂದೊಂದೇ ಕೂಸನ್ನು ತಾವೇ ಮುಟ್ಟಿ ನೋಡುತ್ತಿದ್ದರು.