ಹತ್ತಿ ರಾಶಿಯಲ್ಲಿ ಬಿಟ್ಟ ಮರಿ

ಹಾಸಿಗೆ ಹೊಲಿಯುವ ಅವನನ್ನು ಬೀದಿಯ ಮಕ್ಕಳೆಲ್ಲ ಹತ್ತಿಮಾವ ಎನ್ನುತ್ತಿದ್ದರು. ಮಕ್ಕಳು ಕರೆದ ಮೇಲೆ ದೊಡ್ಡವರೂ ಹಾಗೇ ಕರೆಯತೊಡಗಿದರು, ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ಹಿರಿಯನಾದ ಚಪ್ಪಲಿ ಅಂಗಡಿಯವನೂ ಸೇರಿ. ಅವನು ಮಾವನಾದ್ದರಿಂದ ಅವನ ಹೆಂಡತಿ ಯಾರನ್ನೂ ಕೇಳದೆ ಅತ್ತೆಯಾದಳು. ಚಳಿಗಾಲ ಬಂತೆಂದರೆ ಮಾವನಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ವರ್ಷವಿಡೀ ಗಂಟುಗಟ್ಟಿದ ಹಾಸಿಗೆಯ ಮೇಲೆ ಸುಖವಾಗಿ ಗೊರಕೆ ಹೊಡೆದ ಜನಕ್ಕೆ ಮೊದಲ ಚಳಿ ಬಿದ್ದ ದಿನ ತಮಗೊಂದು ಬೆನ್ನಿದೆಯೆಂಬುದು ನೆನಪಾಗುತ್ತದೆ. ಎಲ್ಲರಿಗೂ ಹೊಸ ಹಾಸಿಗೆ ನಾಳೆಯೇ ಬೇಕು.

ಅತ್ತೆಗೆ ಚಳಿಗಾಲದಲ್ಲಿ ಬೇರೆ ಕೆಲಸ. ಮನೆಯಲ್ಲಿ ದೊಡ್ಡೋನು ಎಂಬ ಮುದಿ ನಾಯಿ ಇತ್ತು. ಚಳಿಗೆ ಅದರ ಹಿಂಗಾಲು ಹಿಡಿದುಕೊಳ್ಳುತ್ತಿತ್ತು. ಅತ್ತೆ ಅದಕ್ಕೆ ಬೆಳಗ್ಗೆ ಉಗುರುಬೆಚ್ಚಗಿನ ನೀರು ಇಡುವಳು, ಹೊರಗಿನಿಂದ ಬಂದರೆ ಪಾದ ಒರೆಸುವಳು, ಹಾಸಿಗೆಯ ಪಟ್ಟೆಪಟ್ಟೆ ಬಟ್ಟೆಯ ತುಂಡಿನಲ್ಲಿ ಹತ್ತಿ ತುಂಬಿ ಅಂಗಿ ಹೊಲಿದು ತೊಡಿಸುವಳು. ಅದು ಬೀದಿಗಿಳಿದರೆ ಹುಡುಗರು, "ಮಾವ, ನಿಮ್ಮ ಹಾಸಿಗೆ ಎದ್ದು ಹೋಗ್ತಾ ಇದೆ, ಹಿಡ್ಕೊಳ್ಳಿ" ಎಂದು ಕೂಗುವರು. ಮಾವ ಮುಖ ಸಿಂಡರಿಸುವನು. "ನನ್ನ ಬೆನ್ನಿಗೆ ಒಂದು ದಿನ ಎಣ್ಣೆ ಹಚ್ಚಿದವಳಲ್ಲ. ನಾಯಿಗೆ ನೋಡು, ಉಪಚಾರವೋ ಉಪಚಾರ" ಎಂದು ಗೊಣಗುವನು. ಅತ್ತೆ ಕೇಳಿಸದವಳಂತೆ ಇರುವಳು. ಮದುವೆಯಾದಾಗಿನಿಂದ ಅವಳಿಗೆ ಅದು ಚೆನ್ನಾಗಿ ರೂಢಿಯಾಗಿತ್ತು.

ಆ ಚಳಿಗಾಲದ ಆರಂಭದಲ್ಲಿ ಚರಂಡಿಯ ಪಕ್ಕ ತಾಯಿ ಬಿಟ್ಟುಹೋದ ಒಂದು ಬೆಕ್ಕಿನ ಮರಿ ಅತ್ತೆಯ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡಾಗ ಅದು ತಣ್ಣಗಿತ್ತು. ಸತ್ತಿದೆ ಎಂದೇ ಮಾವ ಹೇಳಿದ. ಅತ್ತೆ ಅದನ್ನು ರವಿಕೆಯೊಳಗೆ ಎದೆಗೆ ಒತ್ತಿಟ್ಟುಕೊಂಡು ಓಡಾಡಿದಳು, ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿದಳು, ಕೂತಲ್ಲೇ ತೂಕಡಿಸಿ ರಾತ್ರಿಗಳನ್ನು ಕಳೆದಳು. ಮರಿ ಬದುಕಿತು. ಆದರೆ ಆ ಚಳಿ ಅದರ ದನಿಯನ್ನು ತೆಗೆದುಕೊಂಡು ಹೋಗಿತ್ತು. ಕೂಗಲು ಹೋದರೆ ಬಾಯಿ ಮಾತ್ರ ಅಗಲವಾಗಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮುಷ್ಟಿಯಷ್ಟೇ ಇದ್ದುದರಿಂದ ಹೆಸರೂ ಮುಷ್ಟಿ ಎಂದಾಯಿತು. ಹಿಂದಿನ ಅಡುಗೆಕೋಣೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕದ ಬುಟ್ಟಿ ಅದರ ಮನೆ. ಮುಂದಿನ ಕೋಣೆಗೆ ಅದನ್ನು ಬಿಡಕೂಡದು ಎಂಬುದು ಅತ್ತೆಯ ಕಟ್ಟಪ್ಪಣೆ, ಏಕೆಂದರೆ ಮುಂದಿನ ಕೋಣೆ ಮಾವನ ಕಾರ್ಖಾನೆ.

ಅಲ್ಲಿ ಹಿಂಜಿದ ಹತ್ತಿ ಗೋಡೆಗೊರಗಿ ಮೊಣಕಾಲೆತ್ತರ ಬಿದ್ದಿರುತ್ತಿತ್ತು. ಅದನ್ನು ತಬ್ಬಿ ಎತ್ತಿ, ಚೀಲದಂತೆ ಹೊಲಿದ ಬಟ್ಟೆಯೊಳಗೆ ತುಂಬಬೇಕು. ಬಾಯಿ ಹೊಲಿಯುವ ಮೊದಲು ಭುಜದವರೆಗೆ ಕೈ ಹಾಕಿ ಮೂಲೆಮೂಲೆ ತಡಕಬೇಕು. ಗಂಟು, ಹತ್ತಿಬೀಜ, ಮುರಿದ ಸೂಜಿ, ಏನಿದ್ದರೂ ಆಗಲೇ ಸಿಗುವುದು. ಆಮೇಲೆ ಬಾಯಿ ಹೊಲಿದು, ಉದ್ದ ಕೋಲಿನಿಂದ ಬಡಿದು ಸಮ ಮಾಡಬೇಕು. "ಕೈ ಹಾಕದೆ ಹೊಲಿಯೋನು ಹಾಸಿಗೆಯವನಲ್ಲ, ಮೂಟೆ ಕಟ್ಟೋನು" ಎಂದು ಮಾವ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಕೇಳಿ ಕೇಳಿ ಗಿರಾಕಿಗಳಿಗೇ ಬಾಯಿಪಾಠವಾಗಿತ್ತು.

ಆ ದಿನ ಬೆಳಗ್ಗೆ ಕಿಟಕಿಯ ಗಾಜು ಮಂಜುಗಟ್ಟಿ ಬೆಳ್ಳಗಾಗಿತ್ತು. ದೊಡ್ಡೋನು ಏಳಲಾರದೆ ನರಳುತ್ತಿತ್ತು. ಅತ್ತೆ ಅದನ್ನು ಕೈಗಾಡಿಯಲ್ಲಿ ಮಲಗಿಸಿ ಪಶುವೈದ್ಯರ ಹತ್ತಿರ ಹೊರಟಳು.

"ಅಗ್ಗಿಷ್ಟಿಕೆ ಆರದ ಹಾಗೆ ನೋಡ್ಕೊಳ್ಳಿ" ಎಂದಳು. "ಮರಿಗೆ ಚಳಿ ತಡೆಯೋಕಾಗಲ್ಲ."

"ಹೋಗೇ, ನನಗೂ ಗೊತ್ತು."

ಗೊತ್ತಿತ್ತು ನಿಜ, ನೆನಪಿರಲಿಲ್ಲ. ಟೀಚರಮ್ಮನ ಹಾಸಿಗೆ ಅಂದೇ ಮುಗಿಯಬೇಕಿತ್ತು. ಅವರ ಮುದುಕಿ ತಾಯಿಗೆ ಸೊಂಟನೋವು, ಹಳೆಯ ಹಾಸಿಗೆ ಚುಚ್ಚುತ್ತದೆ ಎಂದು ಅವರು ಎರಡು ಸಲ ಬಂದು ಹೋಗಿದ್ದರು. ಮಾವ ನೀರು ಕುಡಿಯಲು ಒಳಗೆ ಹೋದಾಗ ಅಗ್ಗಿಷ್ಟಿಕೆ ಬೂದಿಯಾಗಿತ್ತು. ಮುಷ್ಟಿ ಬುಟ್ಟಿಯ ಅಂಚಿನಲ್ಲಿ ನಿಂತು ನಡುಗುತ್ತ, ಅವನ ಮುಖ ನೋಡಿ ಸದ್ದಿಲ್ಲದೆ ಬಾಯಿ ತೆರೆಯಿತು.

ಮಾವನಿಗೆ ಕರುಳು ಚುರುಕ್ ಎಂದಿತು. ಹೆಂಡತಿಯ ಎದುರು ಆ ಮರಿಯನ್ನು ಅವನು ಒಂದು ದಿನವೂ ಮುಟ್ಟಿದವನಲ್ಲ. ಯಾರೂ ಇಲ್ಲದಾಗ ಬೆರಳಿನಿಂದ ಅದರ ಗಂಟಲು ನೇವರಿಸುತ್ತಿದ್ದ, ಅದೂ ಕಣ್ಣು ಮುಚ್ಚಿ ಅವನ ಬೆರಳಿಗೆ ಗಲ್ಲ ಒತ್ತುತ್ತಿತ್ತು. ಈಗ ಕೆಂಡ ಮಾಡುತ್ತ ಕೂರಲು ಹೊತ್ತಿಲ್ಲ. ಲೋಕದಲ್ಲಿ ಹತ್ತಿಗಿಂತ ಬೆಚ್ಚಗಿನದು ಇನ್ನೇನಿದೆ ಎಂದುಕೊಂಡು, ಮರಿಯನ್ನು ತಂದು ಹತ್ತಿ ರಾಶಿಯ ಮೂಲೆಯಲ್ಲಿ ಗುಳಿ ಮಾಡಿ ಮಲಗಿಸಿದ. ಕೆಲಸ ಶುರು ಮಾಡುವಾಗ ಎತ್ತಿ ಬುಟ್ಟಿಗೆ ಹಾಕಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಟೀಚರಮ್ಮ ಸಾಮಾನಿನ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿಯೇಬಿಟ್ಟರು. ಸಂಜೆ ಬರಬೇಕಾದವರು. "ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಮಾವ, ಇಲ್ಲೇ ಕಾಯ್ತೀನಿ, ಮುಗಿಸಿಕೊಡಿ" ಎಂದರು. ಆಟೋದವನು ಹಾರ್ನ್ ಒತ್ತುತ್ತಿದ್ದ. ಮಾವ ರಾಶಿಯಿಂದ ತಬ್ಬಿ ತಬ್ಬಿ ಹತ್ತಿ ತುಂಬಿದ. ಕೈ ಹಾಕಿ ತಡಕುವ ಹೊತ್ತಿಗೆ ಚಳಿಗೆ ಹಿಡಿದುಕೊಂಡಿದ್ದ ಭುಜ ಎತ್ತಲು ಬರಲಿಲ್ಲ. ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂದು ಬಾಯಿ ಹೊಲಿದ. ಕೋಲಿನಿಂದ ಎಡಕ್ಕೂ ಬಲಕ್ಕೂ ಬಡಿದ. ಉಳಿದ ಹತ್ತಿಯನ್ನು ಬಾಚಿ ಎರಡು ದಿಂಬಿಗೆ ತುರುಕಿ, ಹೊಲಿದು, ಅಂಗೈಯಿಂದ ಎರಡೇಟು ಕೊಟ್ಟು ಆಟೋಗೆ ಎಸೆದ.

ಹಾಸಿಗೆ ಹೇರಿಕೊಂಡು ಆಟೋ ಹೋದ ಮೇಲೆ ಅತ್ತೆ ನಾಯಿಯೊಂದಿಗೆ ಬಂದವಳೇ ಒಳಗೆ ಹೋಗಿ, ಅಷ್ಟೇ ಬೇಗ ಹೊರಗೆ ಬಂದಳು.

"ರೀ, ಮುಷ್ಟಿ ಎಲ್ಲಿ?"

ಮಾವ ತಟ್ಟನೆ ತಿರುಗಿ ಗೋಡೆಯ ಪಕ್ಕ ನೋಡಿದ. ಅಲ್ಲಿ ಬರೀ ನೆಲವಿತ್ತು.

"ಇಲ್ಲೇ ಎಲ್ಲೋ ಇರುತ್ತೆ" ಎಂದ. ತನ್ನ ದನಿ ತನಗೇ ಬೇರೆಯವರದು ಎನಿಸಿತು.

ಅತ್ತೆ ಬುಟ್ಟಿ ಕೊಡವಿದಳು, ಮಂಚದ ಕೆಳಗೆ ಬಗ್ಗಿದಳು, ಸೌದೆಯ ಸಂದಿಯಲ್ಲಿ ದೀಪ ಹಿಡಿದಳು. ಹೆಸರು ಹಿಡಿದು ಕರೆದಳು. ಕರೆದು ಏನು ಪ್ರಯೋಜನ, ಓಗೊಡಲು ಅದಕ್ಕೆ ದನಿಯಿಲ್ಲ. ಮಾವನೂ ಅವಳ ಹಿಂದೆಯೇ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಿದ. ಅದು ಅಲ್ಲಿ ಇಲ್ಲವೆಂದು ಗೊತ್ತಿದ್ದೂ ಡಬ್ಬಗಳನ್ನು ಸರಿಸಿ ನೋಡಿದ. ಕಣ್ಣ ಮುಂದೆ ಕೋಲು ಮಾತ್ರ ಬರುತ್ತಿತ್ತು. ಎಷ್ಟು ಬಲವಾಗಿ ಬಡಿದೆ? ಎಂದಿನಷ್ಟೇ. ಎಂದಿನಷ್ಟು ಎಂದರೆ ಎಷ್ಟು ಎಂಬುದು ಅವನ ತೋಳಿಗೆ ಗೊತ್ತಿತ್ತು.

ಅತ್ತೆ ಕೊನೆಗೆ ಮುಂದಿನ ಕೋಣೆಗೆ ಬಂದು ಖಾಲಿ ನೆಲ ನೋಡಿ ನಿಂತಳು. "ಇಲ್ಲಿಗೆ ಬಂದಿತ್ತಾ?"

"ಬಂದಿದ್ರೆ ಕೈಗೆ ಸಿಗ್ತಿರಲಿಲ್ವಾ. ಭುಜದ ತನಕ ಕೈ ಹಾಕಿ ನೋಡೇ ಹೊಲಿದದ್ದು."

ಅತ್ತೆ ತಲೆಯಾಡಿಸಿದಳು. ಅವಳು ನಂಬಿದಳು. ಅದೇ ಮಾವನಿಗೆ ತಡೆಯಲಾಗಲಿಲ್ಲ. ಅವಳು ಶಾಲು ಹೊದ್ದು ಚರಂಡಿಯ ಕಡೆ ಹುಡುಕಲು ಹೊರಟಾಗ ಬಾಗಿಲಿಗೆ ಅಡ್ಡ ನಿಂತ.

"ನಾನೇ ತಂದು ಹತ್ತಿಯೊಳಗೆ ಮಲಗಿಸಿದೆ ಕಣೇ. ಕೈ ಹಾಕಿ ನೋಡಲಿಲ್ಲ. ಹೊಲಿದುಬಿಟ್ಟೆ."

ಅತ್ತೆ ಒಳಗೆ ಹೋಗಿ ದೊಡ್ಡ ಕತ್ತರಿ ತಂದು ಅವನ ಕೈಗೆ ಕೊಟ್ಟಳು. ಬೈದಿದ್ದರೆ ಮಾವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಟೀಚರಮ್ಮನ ಮನೆ ಎರಡು ಬೀದಿ ಆಚೆ. ದಾರಿಯುದ್ದಕ್ಕೂ ಅತ್ತೆ ಮುಂದೆ, ಮಾವ ಹಿಂದೆ. ಯಾರೋ, "ಏನು ಮಾವ, ಕತ್ತರಿ ಹಿಡ್ಕೊಂಡು ಯಾರ ಮೇಲೆ ಹೊರಟಿರಿ?" ಎಂದು ಚೇಷ್ಟೆ ಮಾಡಿದರು. ಮಾವ ತಿರುಗಿ ನೋಡದೆ ನಡೆದ. ಬದುಕಿರಲಿ, ಬದುಕಿದ್ದರೆ ಸಾಕು ಎಂದು ಮನಸ್ಸಿನಲ್ಲಿ ಯಾರನ್ನೋ ಬೇಡುತ್ತಲೇ ಇದ್ದ.

ಬಾಗಿಲು ತೆಗೆದ ಟೀಚರಮ್ಮನಿಗೆ ಮಾವ, "ಹಾಸಿಗೇಲಿ ಒಂದು ಗಂಟು ಉಳಿದುಬಿಟ್ಟಿದೆ, ಅದಕ್ಕೆ..." ಎಂದು ಶುರು ಮಾಡಿದ.

"ಗಂಟಲ್ಲ" ಎಂದಳು ಅತ್ತೆ. "ನಮ್ಮ ಬೆಕ್ಕಿನ ಮರಿ ಒಳಗಡೆ ಇದೆ."

ಟೀಚರಮ್ಮನ ಮುಖ ಬಿಳುಚಿಕೊಂಡಿತು. "ಅಮ್ಮ ಅದರ ಮೇಲೇ ಮಲಗಿದ್ದಾರೆ. ಆಗಿನಿಂದ."

ಒಳಕೋಣೆಯಲ್ಲಿ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಕಿವಿ ಮಂದ, ಏನು ಹೇಳಿದರೂ ಎರಡನೇ ಸಲಕ್ಕೇ ಕೇಳುವುದು. ಇಷ್ಟು ದಿನದ ಮೇಲೆ ನಿದ್ದೆ ಹತ್ತಿತ್ತು, ಎಬ್ಬಿಸಿದಿರಲ್ಲ ಎಂದು ಗೊಣಗುತ್ತ, ಒಂದು ದಿಂಬನ್ನು ಹೊಟ್ಟೆಗೆ ಅವುಚಿಕೊಂಡೇ ಎದ್ದು ಕುರ್ಚಿಯಲ್ಲಿ ಕೂತರು. ಮಾವ ಹೊಲಿಗೆಗೆ ಕತ್ತರಿ ಹಾಕಿದ. ತಾನೇ ಬಿಗಿಯಾಗಿ ಹಾಕಿದ ಹೊಲಿಗೆ, ಬಿಡಲೊಲ್ಲದು. ಭುಜ ಕಿತ್ತುಬರುವಂತೆ ನೋಯುತ್ತಿದ್ದರೂ ಪೂರ್ತಿ ತೋಳು ತೂರಿಸಿ ತಡಕಿದ. ಕೈಗೆ ಏನಾದರೂ ಸಿಗಲಿ ಎಂದು ತಡಕುತ್ತಿದ್ದ, ಸಿಗದಿರಲಿ ಎಂದೂ ತಡಕುತ್ತಿದ್ದ. ಹತ್ತಿಯನ್ನು ಹೊರಗೆ ಎಳೆದು ಹಾಕಿದರು. ಅತ್ತೆ ಮಂಡಿಯೂರಿ ಒಂದೊಂದು ಹಿಡಿಯನ್ನೂ ಬಿಡಿಸಿ ನೋಡಿದಳು. ಕೋಣೆಯೆಲ್ಲ ಬೆಳ್ಳಗಾಯಿತು, ಮರಿ ಸಿಗಲಿಲ್ಲ. ಮಂಚದ ಮೇಲಿದ್ದ ಇನ್ನೊಂದು ದಿಂಬನ್ನೂ ಮಾವ ಕತ್ತರಿಸಿದ. ಅದರಲ್ಲೂ ಇಲ್ಲ.

"ಅಮ್ಮ, ಆ ದಿಂಬು ಕೊಡಿ" ಎಂದು ಟೀಚರಮ್ಮ ಅಜ್ಜಿಯ ಕಿವಿಯ ಹತ್ತಿರ ಹೇಳಿದರು.

"ಇದನ್ನ ಕೊಡಲ್ಲ" ಎಂದರು ಅಜ್ಜಿ. "ಹಾಸಿಗೆ ಹಾಳು ಮಾಡಿದ್ದೀರಿ, ಸಾಕು. ಈ ಮನೇಲಿ ಬೆಚ್ಚಗಿರೋದು ಇದೊಂದೇ. ಒಳಗೆ ಬಿಸಿನೀರಿನ ಚೀಲ ಇಟ್ಟಿದ್ದೀಯಾ ಏನಪ್ಪಾ? ಕೈಗೆ ಗುರ್ ಅಂತ ಇರುತ್ತೆ, ಹಿತವಾಗಿದೆ."

ಮಾವನ ಕೈಯಿಂದ ಕತ್ತರಿ ಬಿತ್ತು. ಅತ್ತೆ ಕೇಳಲಿಲ್ಲ, ಅಜ್ಜಿಯ ಮಡಿಲಿನಿಂದ ದಿಂಬು ತೆಗೆದುಕೊಂಡು ಹಲ್ಲಿನಿಂದಲೇ ದಾರ ಕಚ್ಚಿ ಹರಿದಳು. ಹತ್ತಿಯ ನಡುವಿನಿಂದ ಮೊದಲು ಒಂದು ಕಿವಿ ಬಂತು, ಆಮೇಲೆ ಎಳೆ ಮೆತ್ತಿಕೊಂಡ ಮೀಸೆ. ಮುಷ್ಟಿ ಬೆಳಕಿಗೆ ಕಣ್ಣು ಕಿರಿದು ಮಾಡಿ, ಬಾಯಿ ತೆರೆದು, ಸದ್ದಿಲ್ಲದೆ ಅತ್ತೆಯನ್ನು ಬೈಯಿತು. ಅತ್ತೆ ಅದರ ಕಾಲು, ಪಕ್ಕೆ, ಬಾಲ ಎಲ್ಲ ಒತ್ತಿ ನೋಡಿದಳು. ಎಲ್ಲೂ ಮುರಿದಿರಲಿಲ್ಲ. ಆಗ ಅವಳಿಗೆ ಅಳು ಬಂತು. ಟೀಚರಮ್ಮ ಒಂದು ಕಡೆ ನಗುತ್ತಿದ್ದರು, ಅಜ್ಜಿ ಮಾತ್ರ ಖಾಲಿ ಮಡಿಲು ನೋಡಿಕೊಂಡು ದಿಂಬಿನ ಗುಟ್ಟೇನೆಂದು ಎರಡೆರಡು ಸಲ ಕೇಳುತ್ತಿದ್ದರು.

ಮಾವನಿಗೆ ಹೋದ ಜೀವ ಬಂದಂತಾಯಿತು. ನಾಚಿಕೆ ಬಿಟ್ಟು, ಎಲ್ಲರ ಎದುರಿಗೇ, ಎಂದಿನಂತೆ ಮರಿಯ ಗಂಟಲು ನೇವರಿಸಲು ಬೆರಳು ಚಾಚಿದ. ಮುಷ್ಟಿಯ ಕಿವಿ ತಲೆಗೆ ಅಂಟಿತು. ಮೈಯೆಲ್ಲ ಸೆಟೆದು, ಅತ್ತೆಯ ಶಾಲಿನೊಳಗೆ ಹಿಂದಕ್ಕೆ ಹಿಂದಕ್ಕೆ ಸರಿದು, ಅವನ ಕೈಯನ್ನೇ ನೋಡುತ್ತ ನಡುಗತೊಡಗಿತು. ಅತ್ತೆ ಶಾಲಿನ ಸೆರಗನ್ನು ಅದರ ಮುಖದ ಮೇಲೆ ಎಳೆದಳು. ಅವಳೂ ಅವನ ಮುಖ ನೋಡಲಿಲ್ಲ.

ಟೀಚರಮ್ಮನ ಹಾಸಿಗೆಯನ್ನು ಮಾವ ಅಲ್ಲೇ ಕೂತು ಮತ್ತೆ ಹೊಲಿದುಕೊಟ್ಟ. ಬಡಿಯುವ ಮೊದಲು ಅತ್ತೆಯನ್ನು ಮರಿಯೊಂದಿಗೆ ಮನೆಗೆ ಕಳಿಸಿದ.

ಅಂದಿನಿಂದ ಅವನು ಹಾಸಿಗೆ ಬಡಿಯುವುದು ಹೊರಗೆ, ಬೀದಿಯಲ್ಲಿ, ಕೊರೆಯುವ ಗಾಳಿಯಲ್ಲಿ. ಮನೆಯೊಳಗೆ ಕೋಲಿನ ಸದ್ದು ಕೇಳಿದರೆ ಮರಿ ಮಂಚದಡಿ ಸೇರಿ ಅರ್ಧ ದಿನ ಹೊರಗೆ ಬರುವುದಿಲ್ಲ. "ಒಳಗಡೆ ಧೂಳು" ಎಂದು ಕೇಳಿದವರಿಗೆ ಹೇಳುತ್ತಾನೆ. ಸಂಜೆ ಮೈ ಮರಗಟ್ಟಿ ಒಳಗೆ ಬಂದರೂ ಅಗ್ಗಿಷ್ಟಿಕೆಯ ಹತ್ತಿರ ಹೋಗುವುದಿಲ್ಲ. ಅವನು ಅಲ್ಲಿದ್ದರೆ ಮುಷ್ಟಿ ಬೆಂಕಿ ಬಿಟ್ಟು ತಣ್ಣನೆಯ ಮೂಲೆಗೆ ಹೋಗಿ ಕೂರುತ್ತದೆ.

"ಬೇಸಿಗೆ ಬರಲಿ, ಮರೆತುಬಿಡುತ್ತೆ" ಎಂದು ಅತ್ತೆ ಒಂದು ಸಂಜೆ ಹೇಳಿದಳು. ಅವಳ ಸಿಟ್ಟು ಆ ಹೊತ್ತಿಗೆ ಇಳಿದಿತ್ತು. "ಇಲ್ಲಿ ಬಂದು ಕೂತ್ಕೊಳ್ಳಿ, ಕೈ ನೋಡಿ ಹೇಗಾಗಿದೆ."

"ನನಗೆ ಇಲ್ಲೇ ಸರಿ" ಎಂದ ಮಾವ. ಬಾಗಿಲ ಹತ್ತಿರ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಿಗೆ ಮರಿ ಮಂಚದಡಿಯಿಂದ ಬಂದು, ಅವನ ಕಡೆ ಒಮ್ಮೆ ನೋಡಿ, ಬೆಂಕಿಯ ಪಕ್ಕ ಮಲಗಿತು. ಅದು ಕಣ್ಣು ಮುಚ್ಚುವವರೆಗೂ ಅವನು ಅಲುಗಾಡಲಿಲ್ಲ.